ಹಳೇ ಪಿಕಪ್‌ಗೆ ಮೂರು ಪಟ್ಟಿ ಗ್ರಾಫಿಕ್ಸ್: ಇರೋ ಬಣ್ಣದ ಮೇಲೇ ಹೊಡೀಬಹುದಾ?

ಹಳೇಗಾಡಿ:
ಸಿಂಗಲ್ ಕ್ಯಾಬ್ ಪಿಕಪ್, ಮೂವತ್ತು ವರ್ಷ ದಾಟಿದೆ. ಕಂಪನಿ ಹೊಡೆದ ಬಿಳಿ ಬಣ್ಣವೇ ಇದೆ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಇಲ್ಲ. ಕೈಯಾಡಿಸಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತೆ. ಎಡಗಡೆ ಹಿಂದಿನ ಚಕ್ರದ ಕಮಾನಿನ ಮೇಲೆ ಎರಡು ಕಡೆ ಗುಳ್ಳೆ ಎದ್ದಿದೆ. ಮುಂದಿನ ಫೆಂಡರ್‌ನಲ್ಲಿ ಶುರುವಾಗಿ ಬಾಗಿಲು ದಾಟಿ, ಲೋಡ್ ಬಾಡಿಯ ಕೊನೆಯಲ್ಲಿ ಮೇಲಕ್ಕೆ ತಿರುಗುವ ಮೂರು ಪಟ್ಟಿ ಬೇಕು: ಹಳದಿ, ಕಿತ್ತಳೆ, ಕಂದುಗೆಂಪು. ಸ್ಟಿಕ್ಕರ್ ಬೇಡ, ಪೇಂಟೇ ಆಗಬೇಕು. ಹಳೇ ಬಣ್ಣ ಪೂರ್ತಿ ಕೆರೆದು ತೆಗೀಬೇಕಾ? ಯಾವ ಟೇಪ್ ತಗೊಳ್ಳಲಿ? ಮೂರರಲ್ಲಿ ಯಾವ ಬಣ್ಣ ಮೊದಲು?

ಬಣ್ಣದಡಬ್ಬಿ:
ಕೆರೆಯಲೇಬೇಕು ಅಂತೇನಿಲ್ಲ, ಮೊದಲು ಪರೀಕ್ಷೆ ಮಾಡಿ. ಪೆಟ್ರೋಲ್ ಮುಚ್ಚಳದ ಒಳಗೋ ಬಾಗಿಲಿನ ಕೆಳಗಿನ ಅಂಚಿನಲ್ಲೋ ಲ್ಯಾಕರ್ ತಿನ್ನರ್ ಅದ್ದಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ. ಬಣ್ಣ ಗಟ್ಟಿಯಾಗಿ ನಿಂತರೆ ಅದರ ಮೇಲೇ ಹೊಡೀಬಹುದು. ಮೆತ್ತಗಾದರೆ ಅಥವಾ ಬಟ್ಟೆಗೆ ಧಾರಾಳವಾಗಿ ಬಂದರೆ, ಯಾರೋ ನಡುವೆ ಹಾರ್ಡನರ್ (ಪೇಂಟ್ ಗಟ್ಟಿಯಾಗಲು ಕಲಸುವ ದ್ರವ) ಇಲ್ಲದ ಪೇಂಟ್ ಹೊಡೆದಿದ್ದಾರೆ ಅಂತ ಅರ್ಥ. ಅದರ ಮೇಲೆ ಹೊಸ ಬೇಸ್ ಕೋಟ್ (ಕ್ಲಿಯರ್ ಕೆಳಗಿನ ಬಣ್ಣದ ಪದರ) ಬಿದ್ದರೆ ಅದರ ತಿನ್ನರ್ ಕೆಳಗಿಳಿದು ಹಳೇ ಪದರ ಉಬ್ಬಿ ಸುಕ್ಕಾಗುತ್ತೆ. ಆ ಪ್ಯಾನೆಲ್ ಕೆರೆಯದೆ ಬೇರೆ ದಾರಿ ಇಲ್ಲ. ಪರೀಕ್ಷೆಯನ್ನು ಪ್ರತಿ ಪ್ಯಾನೆಲ್‌ಗೂ ಮಾಡಿ. ಫೆಂಡರ್ ಒಂದನ್ನೇ ಆಮೇಲೆ ಬಣ್ಣ ಹೊಡೆಸಿರೋದು ಹಳೇ ಗಾಡಿಗಳಲ್ಲಿ ಮಾಮೂಲಿ.

ಪುಡಿ ಏಳೋದು ಸತ್ತ ಮೇಲ್ಪದರ. ಆ ಪುಡಿಯ ಮೇಲೆ ಟೇಪ್ ಅಂಟಲ್ಲ, ಪೇಂಟೂ ನಿಲ್ಲಲ್ಲ. ಆದರೆ ಉಜ್ಜೋಕೆ ಮುಂಚೆ ತೊಳೆದು, ಗ್ರೀಸ್ ರಿಮೂವರ್‌ನಿಂದ ಒರೆಸಿ. ಹಳೇ ವ್ಯಾಕ್ಸ್, ಸಿಲಿಕೋನ್ ಪಾಲಿಶ್ ಮೇಲಿರುವಾಗಲೇ ಉಜ್ಜಿದರೆ ಅದು ಗೀರುಗಳ ಒಳಗೆ ಹೋಗಿ ಕೂರುತ್ತೆ. ಆಮೇಲೆ ಬಣ್ಣ ಬಿದ್ದ ಕೂಡಲೇ ಮೀನಿನ ಕಣ್ಣಿನ ಥರ ಗುಂಡುಗುಂಡು ಬಿಟ್ಟುಕೊಳ್ಳೋದು ಇದಕ್ಕೇ. ಒರೆಸಿದ ಮೇಲೆ 600ರ ವಾಟರ್ ಪೇಪರ್‌ನಲ್ಲಿ, ನೀರು ಹಾಕುತ್ತಾ, ಹೊಳಪು ಎಲ್ಲೂ ಉಳಿಯದ ಹಾಗೆ ಉಜ್ಜಿ. ಮೂಲೆ, ಅಂಚುಗಳಿಗೆ ಬೂದು ಸ್ಕಫ್ ಪ್ಯಾಡ್. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಉಜ್ಜೋದು ಬೇಡವೇ ಬೇಡ.

ಗುಳ್ಳೆ ಕಂಡಷ್ಟಕ್ಕೇ ಇರಲ್ಲ, ತುಕ್ಕು ಸುತ್ತ ಬಣ್ಣದಡಿ ಹಬ್ಬಿರುತ್ತೆ. ಹೊಳೆಯುವ ತಗಡು ಸಿಗೋವರೆಗೂ ಕೆರೆದು ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಅದರ ಮೇಲೆ, ಬರೀ ತಗಡಿನ ಮೇಲಲ್ಲ. ಪುಟ್ಟಿ ತೇವ ಹೀರುತ್ತೆ, ಅದರಡಿ ತುಕ್ಕು ಮತ್ತೆ ಶುರುವಾಗುತ್ತೆ. ಆಮೇಲೆ 2ಕೆ (ಹಾರ್ಡನರ್ ಕಲಸುವ) ಪ್ರೈಮರ್ ಹೊಡೆದು ಮೊದಲು 400, ನಂತರ 600ರಲ್ಲಿ ಉಜ್ಜಿ. ಕೆರೆದು ತೇಪೆ ಹಾಕಿದ ಜಾಗಕ್ಕೆ ಮೊದಲು ಬಿಳಿ ಬರಲಿ, ಪಟ್ಟಿ ಆಮೇಲೆ.

ಟೇಪುಕತ್ತರಿ:
ಪೇಂಟ್ ಡಬ್ಬ ತೆಗೆಯೋ ಮುಂಚೆ ಒಂದು ಮಾತು. ಕ್ಯಾಬಿನ್‌ಗೂ ಲೋಡ್ ಬಾಡಿಗೂ ನಡುವಿನ ಸಂದು ನೋಡಿ. ಕ್ಯಾಬಿನ್ ಕೆಳಗಿನ ರಬ್ಬರ್ ಬುಶ್ ಸವೆದು ಕೂತಿದ್ದರೆ ಎರಡರ ಮಡಿಕೆ ಗೆರೆ ಒಂದೇ ಎತ್ತರದಲ್ಲಿ ಇರಲ್ಲ. ಪಟ್ಟಿ ಹೊಡೆದ ಮೇಲೆ ಬುಶ್ ಬದಲಾಯಿಸಿದರೆ ಅಷ್ಟು ನೇರ ಎಳೆದ ಗೆರೆ ಆ ಸಂದಿನಲ್ಲಿ ಮುರಿದ ಹಾಗೆ ಕಾಣುತ್ತೆ. ಬುಶ್, ಬಾಗಿಲ ಹಿಂಜ್, ಎರಡೂ ಸರಿ ಮಾಡಿಸಿ ಆಮೇಲೆ ಅಳತೆ ತಗೊಳ್ಳಿ. ಅಳತೆ ನೆಲದಿಂದಲ್ಲ, ಬಾಡಿಯ ಮಡಿಕೆ ಗೆರೆಯಿಂದ.

ಡಿಸೈನ್‌ಗೆ ಗಾಡಿಯ ಪಕ್ಕದ ನೇರ ಫೋಟೋ ತೆಗೆದು ಅದರ ಮೇಲೆ ಬರೆಯಿರಿ. ಅದೇ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಕಿತ್ತಳೆ, ಕಂದುಗೆಂಪು ಒಂದೇ ಬೂದಾಗಿ ಕಂಡರೆ ದೂರದಿಂದ ಅವೆರಡೂ ಸೇರಿ ಒಂದೇ ದಪ್ಪ ಪಟ್ಟಿ ಆಗುತ್ತೆ. ಒಂದನ್ನು ಇನ್ನೂ ಗಾಢ ಮಾಡಿ. ಮೂರೂ ಒಂದೇ ಅಗಲ ಬೇಡ ಅನ್ನೋದು ನನ್ನ ಅಭಿಪ್ರಾಯ. ಕೆಳಗಿನ ಗಾಢ ಬಣ್ಣ 60 ಮಿಮೀ, ನಡುವಿನದು 40, ಮೇಲಿನ ಹಳದಿ 25 ಇದ್ದರೆ ಗಾಡಿಗೆ ತೂಕ ಕೆಳಗೆ ಕೂರುತ್ತೆ. ಪಟ್ಟಿ ಬಾಗಿಲ ಹಿಡಿಯ ಮೇಲೆ ಹಾಯದಂತೆ ನೋಡಿಕೊಳ್ಳಿ, ಅಲ್ಲಿ ಮಾಸ್ಕಿಂಗ್ ಮಾಡೋದು ನರಕ.

ಟೇಪ್: ಅಂಚಿಗೆ ತೆಳು ಪ್ಲಾಸ್ಟಿಕ್ ಟೇಪ್ ಆದ ವಿನೈಲ್ ಫೈನ್‌ಲೈನ್ ಮಾತ್ರ. ನೇರಕ್ಕೆ 6 ಮಿಮೀ, ತಿರುವಿಗೆ 3 ಮಿಮೀ. ಮಾಮೂಲಿ ಮಾಸ್ಕಿಂಗ್ ಟೇಪ್ ಅದರ ಹಿಂದೆ ಪೇಪರ್ ಹಿಡಿಯೋಕೆ. ನೇರ ಗೆರೆಗೆ ಒಂದು ತುದಿ ಅಂಟಿಸಿ, ಒಂದೂವರೆ ಮೀಟರ್ ಬಿಚ್ಚಿ ಹಗುರಾಗಿ ಬಿಗಿದು, ಕಣ್ಣಳತೆ ನೋಡಿ ಒಂದೇ ಸಲ ಕೂರಿಸಿ. ಗೇಣು ಗೇಣಾಗಿ ಒತ್ತುತ್ತಾ ಹೋದರೆ ಗೆರೆ ಹಾವಾಗುತ್ತೆ. ತಿರುವಿನಲ್ಲಿ ಮಾತ್ರ ಎಳೆಯಬೇಡಿ, ಎಳೆದ ಟೇಪ್ ಕುಗ್ಗಿ ಅಂಚು ಬಿಡುತ್ತೆ.

ಪಟ್ಟಿಗಳ ನಡುವೆ 3 ಮಿಮೀ ಟೇಪ್ ಒಂದೊಂದು ಹಾಕಿ ಕೊನೆವರೆಗೂ ಬಿಟ್ಟುಬಿಡಿ. ಅದು ಕಿತ್ತಾಗ ಬಿಳಿ ಗೆರೆ ಉಳಿಯುತ್ತೆ. ಬಣ್ಣದ ಮೇಲೆ ಬಣ್ಣ ಏರಲ್ಲ, ಒಣಗಿದ ಪಟ್ಟಿಯ ಮುಚ್ಚುವ ಪೇಪರನ್ನೂ ಅದೇ ಟೇಪಿನ ಮೇಲೆ ಅಂಟಿಸಬಹುದು. ಎಡಬಲ ಒಂದೇ ಥರ ಬರಬೇಕಾದರೆ ಹಿಂದಿನ ತಿರುವನ್ನು ದೊಡ್ಡ ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಸೀಮೆಸುಣ್ಣದ ಪುಡಿಯ ಗಂಟು ತಟ್ಟಿ. ಬಿಳಿ ಗಾಡಿಗೆ ನೀಲಿ ಪುಡಿ, ಇಲ್ಲದಿದ್ದರೆ ಏನೂ ಕಾಣಲ್ಲ. ಇನ್ನೊಂದು ಪಕ್ಕಕ್ಕೆ ಅದೇ ಕಾಗದ ಮಗುಚಿ ಹಾಕಿ.

ಹಳೇಗಾಡಿ:
ಇಬ್ಬರಿಗೂ ಧನ್ಯವಾದ. ಬುಶ್ ವಿಷಯ ತಲೆಗೇ ಹೋಗಿರಲಿಲ್ಲ. ಇನ್ನೆರಡು: ಎಷ್ಟು ಪೇಂಟ್ ಬೇಕು, ಮತ್ತೆ ಅಂಚು ಉಗುರಿಗೆ ಸಿಗದ ಹಾಗೆ ಆಗುತ್ತಾ?

ಬಣ್ಣದಡಬ್ಬಿ:
ಒಂದು ಪಟ್ಟಿ 5 ಮೀಟರ್ ಉದ್ದ, 5 ಸೆಂಮೀ ಅಗಲ ಅಂದರೆ ಒಂದು ಪಕ್ಕಕ್ಕೆ ಕಾಲು ಚದರ ಮೀಟರ್, ಎರಡಕ್ಕೂ ಸೇರಿ ಅರ್ಧ. ತಿನ್ನರ್ ಕಲಸಿದ ಮೇಲೆ ಒಂದೊಂದು ಬಣ್ಣಕ್ಕೆ 250 ಮಿಲಿ ಧಾರಾಳ. ದೊಡ್ಡ ಗನ್ ಬೇಡ, 0.8 ಅಥವಾ 1.0 ಮಿಮೀ ನಾಜಲ್‌ನ ಚಿಕ್ಕ ಗನ್ ಸಾಕು. ಕ್ಲಿಯರ್‌ಗೆ 1.3. ಅದನ್ನು ಪಟ್ಟಿಗಷ್ಟೇ ಹೊಡೆದು ಪ್ಯಾನೆಲ್ ನಡುವೆ ನಿಲ್ಲಿಸಿದರೆ ಆ ಅಂಚು ಮುಂದೆ ಸಿಪ್ಪೆ ಏಳುತ್ತೆ. ಪೂರ್ತಿ ಪಕ್ಕಕ್ಕೆ ಹೊಡೆಯಿರಿ. ಎರಡೂ ಪಕ್ಕಕ್ಕೆ ಎರಡು ಕೋಟ್ ಅಂದರೆ ಕಲಸಿದ್ದು ಸುಮಾರು 2 ಲೀಟರ್. ಹಾರ್ಡನರ್ ಪ್ರಮಾಣ ಡಬ್ಬದ ಮೇಲಿದ್ದಷ್ಟೇ, ಕಣ್ಣಂದಾಜು ನಡೆಯಲ್ಲ.

ತಿಳಿ ಬಣ್ಣ ಮೊದಲು. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ತೆಳುವಾಗಿ ಮೂರು ನಾಲ್ಕು ಕೋಟ್ ಬೇಕಾಗುತ್ತೆ. ಕಂದುಗೆಂಪು ಎರಡರಲ್ಲೇ ಮುಗಿಯುತ್ತೆ. ಒಂದೇ ಸಲ ದಪ್ಪ ಹೊಡೆದರೆ ಟೇಪ್ ಪಕ್ಕ ಗೋಡೆ ಕಟ್ಟುತ್ತೆ, ನಿಮ್ಮ ಉಗುರಿಗೆ ಸಿಗೋದು ಅದೇ. ಕೊನೇ ಕೋಟ್ ಮುಟ್ಟಿದರೆ ಅಂಟದಷ್ಟು ಆರಿದ ಕೂಡಲೇ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಬಣ್ಣದಿಂದ ಆಚೆಗೆ ನಿಧಾನ ಎಳೆಯಿರಿ. ಮರುದಿನಕ್ಕೆ ಬಿಟ್ಟರೆ ಅಂಚು ಚೂರಾಗಿ ಏಳುತ್ತೆ. ನಡುವಿನ 3 ಮಿಮೀ ಟೇಪ್ ಮೂರೂ ಬಣ್ಣ ಮುಗಿಯೋತನಕ ಇರಬೇಕಾದ್ದರಿಂದ ಮೂರನ್ನೂ ಒಂದೇ ದಿನ ಮುಗಿಸಿ.

ಅಂಚು ಪೂರ್ತಿ ಮಾಯವಾಗಬೇಕಾದರೆ: ಕ್ಲಿಯರ್ ಎರಡು ಮೂರು ಕೋಟ್, ಪೂರ್ತಿ ಗಟ್ಟಿಯಾದ ಮೇಲೆ ಬ್ಲಾಕ್ ಹಿಡಿದು 800ರಲ್ಲಿ ನೀರುಜ್ಜು, ಮತ್ತೆ ಎರಡು ಕೋಟ್. ಉಜ್ಜುವಾಗ ನೀರಿಗೆ ಹಳದಿ ಬಂತೋ, ಕ್ಲಿಯರ್ ತೂತಾಯಿತು ಅಂತಲೇ.

ಟೇಪುಕತ್ತರಿ:
ಒಂದು ಸೇರಿಸ್ತೀನಿ. ಬಣ್ಣಕ್ಕೆ ಮುಂಚೆ ಟೇಪ್ ಅಂಚಿನ ಮೇಲೆ ಇಂಟರ್‌ಕೋಟ್ ಕ್ಲಿಯರ್ (ಪದರಗಳ ನಡುವೆ ಹೊಡೆಯುವ ಬಣ್ಣವಿಲ್ಲದ ಪೇಂಟ್) ತೆಳುವಾಗಿ ಒಂದು ಸಲ ಹೊಡೆಯಿರಿ. ಟೇಪಿನಡಿ ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚುತ್ತೆ, ಬಣ್ಣ ಒಳಗೆ ಹೋಗಲ್ಲ. ಮಡಿಕೆ ಗೆರೆ ಮೇಲೆ ಟೇಪ್ ಹಾಯುವ ಕಡೆ ಇದು ಬೇಕೇ ಬೇಕು.

ಇನ್ನು 2ಕೆ ಪ್ರೈಮರ್, 2ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ. ವಾಸನೆಯಿಂದ ಗೊತ್ತಾಗಲ್ಲ, ಶ್ವಾಸಕೋಶಕ್ಕೆ ಹತ್ತಿದರೆ ಉಬ್ಬಸ ಜೀವನಪೂರ್ತಿ ಉಳಿಯಬಹುದು. ಧೂಳಿನ ಮಾಸ್ಕ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ಹೊರಗಿನ ಗಾಳಿ ಕೊಳವೆಯಲ್ಲಿ ಬರುವ ಮುಖಕವಚ, ಕೈಗವಸು, ಮೈಮುಚ್ಚುವ ಸೂಟ್ ಇಲ್ಲದಿದ್ದರೆ ಪಟ್ಟಿ ನೀವು ಹೊಡೆದು, 2ಕೆ ಪ್ರೈಮರ್, ಕ್ಲಿಯರ್ ಎರಡನ್ನೂ ಪೇಂಟ್ ಬೂತ್ ಇರುವವರ ಕೈಲಿ ಹೊಡೆಸಿ. ಬೇಸ್ ಕೋಟ್ ಮತ್ತು ಕ್ಲಿಯರ್ ನಡುವೆ ಸಾಮಾನ್ಯವಾಗಿ 24 ಗಂಟೆಯೇ ಗಡುವು, ಡಬ್ಬದ ಶೀಟ್ ನೋಡಿ ಬೂತ್ ಮೊದಲೇ ಗೊತ್ತು ಮಾಡಿಕೊಳ್ಳಿ.