ಸಹಾಯ ಬೇಕು: ಜೀವವಿಕಾಸದ ಪಾಠಕ್ಕ ಎಲುಬಿನ ಮಾದರಿ

ಎಲ್ಲಾರಿಗೂ ನಮಸ್ಕಾರ್ರೀ. ರಾಣೆಬೆನ್ನೂರು ಕಡೆ ಹೈಸ್ಕೂಲಿನಾಗ ವಿಜ್ಞಾನ ಕಲಸ್ತೀನಿ. ಆಡಿನ ಮುಂಗಾಲು, ಕೋಳಿ ರೆಕ್ಕಿ, ಬಾವಲಿ ರೆಕ್ಕಿ, ಇವುಗಳ ಎಲುಬು ಒಂದ ವಾರದ ಮಟ್ಟಿಗೆ ಬೇಕಾಗ್ಯಾವ. ಮ್ಯಾಲ ಒಂದ ಎಲುಬು, ಕೆಳಗ ಎರಡು, ಆಮ್ಯಾಲ ಮಣಿಕಟ್ಟು, ಬೆರಳು. ಓಡಾಕೂ ಹಾರಾಕೂ ಅದೇ ಜೋಡಣಿ! ತಿಮಿಂಗಿಲದ ಈಜುರೆಕ್ಕಿಯೊಳಗೂ ಹಂಗ ಐತಿ. 2004ರಾಗ ಕೆನಡಾದ ಉತ್ತರದ ದ್ವೀಪದಾಗ ಸಿಕ್ಕ ಟಿಕ್ಟಾಲಿಕ್, 37.5 ಕೋಟಿ ವರ್ಷ ಹಳೇ ಮೀನು. ಅದರ ಈಜುರೆಕ್ಕಿಯೊಳಗ ಈ ಜೋಡಣಿಯ ಆರಂಭದ ಒಂದು ರೂಪ ಕಾಣತೈತಿ. ಈ ಎಲ್ಲಾ ಪ್ರಾಣಿಗಳ ಪೂರ್ವಜರು ಒಂದ ಅನ್ನೂದನ್ನ ಮಕ್ಕಳು ಬಾಯಿಪಾಠ ಮಾಡಬಾರದು, ಕೈಯಾಗ ಹಿಡದು ನೋಡಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಾಗ ಯಾರಿಗರ ಪರಿಚಯ ಐತೇನ್ರಿ? ಪಶುವೈದ್ಯರು ಇದ್ದರೂ ತಿಳಸ್ರಿ. ಕಾಡುಪ್ರಾಣಿಯ ಎಲುಬು ಬ್ಯಾಡ್ರಿ, ಕಾನೂನಿನ ತೊಡಕು. ಬಾವಲಿದು ಪ್ಲಾಸ್ಟಿಕ್ ಮಾದರಿ ನಡೀತೈತಿ. ನಾನ ಬಂದು ಒಯ್ತೀನಿ, ವಾಪಸ್ ತಂದು ಮುಟ್ಟಸ್ತೀನಿ.