ಅಪ್‌ಡೇಟ್: ಸೊಪ್ಪು ಬದಿಗಿಡುತ್ತಿದ್ದ ನಮ್ಮ ಅಂಗನವಾಡಿ ಮಕ್ಕಳು

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಕುಂಬಳೆ ಹತ್ತಿರದ ನಮ್ಮ ಅಂಗನವಾಡಿಯಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳು ಸೊಪ್ಪು ಮುಟ್ಟುವುದಿಲ್ಲ, ಕೂತಲ್ಲಿಂದ ಏಳುವುದಿಲ್ಲ, ಏನು ಮಾಡಲಿ ಅಂತ.

"ತಿನ್ನಿಸಬೇಡಿ, ಮೊದಲು ಮುಟ್ಟಲು ಬಿಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಅಂಗಳದ ಮೂಲೆಯಲ್ಲಿ ಕೆಂಪು ಹರಿವೆ ಬಿತ್ತಿದೆವು. ನೀರು ಹಾಕಿದ್ದು, ಕೊಯ್ದದ್ದು, ಎಲೆ ಬಿಡಿಸಿದ್ದು ಎಲ್ಲ ಮಕ್ಕಳೇ. ಪಲ್ಯದ ಬಣ್ಣ ಇಳಿದು ಗಂಜಿ ಗುಲಾಬಿಯಾದಾಗ ಒಬ್ಬಳು ಬಟ್ಟಲು ಎತ್ತಿ ಎಲ್ಲರಿಗೂ ತೋರಿಸಿ ಆಮೇಲೆ ಚಮಚ ಬಾಯಿಗಿಟ್ಟಳು, ಅವಳನ್ನು ನೋಡಿ ಪಕ್ಕದವನೂ. ಇಬ್ಬರು ಇನ್ನೂ ಮೂಸಿ ನೋಡಿ ಬದಿಗಿಡುತ್ತಾರೆ. ನಾನು ಒತ್ತಾಯ ಮಾಡುವುದಿಲ್ಲ, ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗುತ್ತದೆ.

ಆಟಕ್ಕೆ ಅಡಿಕೆ ಹಾಳೆ. ಒಬ್ಬ ಕೂರುವುದು, ಇಬ್ಬರು ಎಳೆಯುವುದು. ಎಳೆಯುವವರಿಗೇ ಜಾಸ್ತಿ ಖುಷಿ! ಈ ವಯಸ್ಸಿಗೆ ದಿನಕ್ಕೆ 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಷ್ಟು, ಮೊಬೈಲ್, ಟಿವಿ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕರೆದುಕೊಂಡು ಹೋಗಲು ಬರುವ ಅಮ್ಮಂದಿರು, ಅಜ್ಜಿಯರು ಓದಲಿ ಅಂತ ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಬಾಗಿಲಿಗೆ ಅಂಟಿಸಿದ್ದೇನೆ.

ಮಳೆ ಶುರುವಾದರೆ ಅಂಗಳವೆಲ್ಲ ಕೆಸರು. ಒಳಗೆ ಆಡಿಸುವ ಆಟ ಏನಾದರೂ ಗೊತ್ತಿದ್ದರೆ ಹೇಳಿ.