ಅಪ್‌ಡೇಟ್: ಅಣಕು ಕಾಳಗದಲ್ಲಿ ಬಿಲ್ಲುಗಾರರ ಸುರಕ್ಷತೆ

ಬೀದರ್‌ನಲ್ಲಿ ನಾವು ನಡೆಸಲಿರುವ ಬಹಮನಿ–ವಿಜಯನಗರ ಅಣಕು ಕಾಳಗದಲ್ಲಿ ಕತ್ತಿವರಸೆಯವರ ನಡುವೆ ಬಿಲ್ಲುಗಾರರನ್ನೂ ಇಳಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದಗಳು, ಇಳಿಸಲು ನಿರ್ಧರಿಸಿದ್ದೇವೆ.

ಮಧ್ಯಯುಗದ ಅಣಕು ಕಾಳಗ ನಡೆಸುವ ಅಮೆರಿಕದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಸಂಸ್ಥೆಯ ನಿಯಮದಂತೆ, ಹೆದೆಯನ್ನು 28 ಇಂಚು ಎಳೆದಾಗ ಎಳೆತದ ಬಲ 30 ಪೌಂಡ್ ಮೀರದ ಬಿಲ್ಲುಗಳನ್ನಷ್ಟೇ ಆರಿಸಿದ್ದೇವೆ. ಆದರೆ ತೋಳು ಉದ್ದವಿರುವವರು ಅದಕ್ಕಿಂತ ಹೆಚ್ಚು ಎಳೆಯುವುದರಿಂದ, ಸಾಮಾನು ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ಪ್ರತಿಯೊಬ್ಬರ ಎಳೆತದ ಅಳತೆಯಲ್ಲೇ ತೂಕ ನೋಡುತ್ತಿದ್ದೇವೆ.

ಬಾಣದ ತುದಿಗೆ ಕಣ್ಣುಗುಳಿಗಿಂತ ಅಗಲವಾದ ರಬ್ಬರ್ ಮೊಂಡು, ಕೋಲಿಗೆ ಸೀಳು ಸಿಡಿಯದಂತೆ ಉದ್ದಕ್ಕೂ ಟೇಪು. ನನಗೆ ಹೊಸದೆನಿಸಿದ ಸಲಹೆಯೆಂದರೆ ಬಾಣದ ಹಿಂತುದಿಯದು: ಪುಟಿದು ತಿರುಗಿದ ಬಾಣದ ಬಾಲ ಮುಖಜಾಲರಿಯೊಳಗೆ ತೂರಬಹುದಾದ್ದರಿಂದ ಅಲ್ಲಿಯೂ ತಡೆ ಅಂಟಿಸಿದ್ದೇವೆ. ಫೆನ್ಸಿಂಗ್ ಮುಖವಾಡವು ತಲೆಯ ಹಿಂಭಾಗವನ್ನು ಕಾಯದು. ಅದಕ್ಕೆ ದಪ್ಪ ಚರ್ಮದ ಹೊದಿಕೆ ಹೊಲಿಸಿದೆವು.

ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬಿದ್ದ ಬಾಣದ ರಬ್ಬರಿಗೆ ಹರಳು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಬಿದ್ದ ಬಾಣವನ್ನು ಪರೀಕ್ಷಿಸದೆ ಮತ್ತೆ ಹೂಡುವಂತಿಲ್ಲ. ಸೆಕೆಗೆ ಯಾರಾದರೂ ಮುಖವಾಡ ಎತ್ತಿದರೆ ಸೀಟಿ ಊದಲಾಗುತ್ತದೆ, ಬಿಲ್ಲುಗಳೆಲ್ಲ ಕೆಳಗಿಳಿಯಬೇಕು. ಪ್ರೇಕ್ಷಕರ ದಿಕ್ಕಿಗಂತೂ ಯಾರೂ ಬಾಣ ಬಿಡುವಂತಿಲ್ಲ.